ಮೈನಸ್ 27ಕ್ಕೆ ಘನಮೂಲ ಇದೆ, ಮೈನಸ್ 16ಕ್ಕೆ ವರ್ಗಮೂಲ ಯಾಕಿಲ್ಲ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗಳು ಒಂಬತ್ತನೇ ತರಗತಿ. ಕಳೆದ ವಾರ ಘಟಕ ಪರೀಕ್ಷೆಯ ಪೇಪರ್ ತಂದಳು. ∛(−27) = −3 ಎಂದು ಬರೆದದ್ದಕ್ಕೆ ಸರಿ ಗುರುತು ಇದೆ. ಅದರ ಕೆಳಗೇ √(−16) = −4 ಎಂದು ಬರೆದದ್ದಕ್ಕೆ ತಪ್ಪು ಹಾಕಿದ್ದಾರೆ. ⁴√(−81) = −3 ಅನ್ನುವುದಕ್ಕೂ ತಪ್ಪು. "ಒಂದರಲ್ಲಿ ಮೈನಸ್ ಹೊರಗೆ ಬರಬಹುದು, ಇನ್ನೊಂದರಲ್ಲಿ ಯಾಕೆ ಬರಬಾರದು?" ಎಂದು ಕೇಳಿ ಅತ್ತುಬಿಟ್ಟಳು. ನಾನು ಪಿಯುಸಿ ಕಲಾ ವಿಭಾಗ ಓದಿದವಳು, ಹೇಳಿಕೊಡಲು ಆಗಲಿಲ್ಲ. ಟೀಚರನ್ನು ಕೇಳಿದ್ದಕ್ಕೆ "ಮೈನಸ್‌ಗೆ ವರ್ಗಮೂಲ ಇಲ್ಲ, ಅಷ್ಟು ನೆನಪಿಟ್ಟುಕೋ" ಅಂದರಂತೆ. ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಭಾವನ ಮಗ "ಯಾರು ಇಲ್ಲ ಅಂದವರು? 4ಐ ಅಂತ ಬರಿ" ಅಂದ. ಮೊಬೈಲ್ ಕ್ಯಾಲ್ಕುಲೇಟರ್ ಎರರ್ ತೋರಿಸಿತು. ಅವನೇ ಲ್ಯಾಪ್‌ಟಾಪಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ತೆರೆದು −8ರ ಘನಮೂಲ ಕೇಳಿದರೆ −2 ಬರದೆ 1.73 ಇರುವ ಏನೋ ಬಂತು. ಈಗ ಮಗಳಿಗೆ ಸರಿ ಬಂದಿದ್ದ ಲೆಕ್ಕದ ಮೇಲೂ ಅನುಮಾನ. ಯಾರ ಮಾತು ಸರಿ? ಪರೀಕ್ಷೆಯಲ್ಲಿ ಏನು ಬರೆಯಬೇಕು?
— ದಾವಣಗೆರೆ ಜಿಲ್ಲೆಯ ಓದುಗರು

ಉತ್ತರ: ಮೊದಲು ನಿಮ್ಮ ಮಗಳ ಬಗ್ಗೆ ಒಂದು ಮಾತು. ಅವಳು ಬರೆದದ್ದು ತಪ್ಪು, ಆದರೆ ಕೇಳಿದ ಪ್ರಶ್ನೆ ಬಹಳ ಸರಿಯಾದದ್ದು. ಪದವಿಪೂರ್ವ ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ನನ್ನ ಮುಂದೆ ಪ್ರತಿ ವರ್ಷ ಇದೇ ಗೊಂದಲ ಇಟ್ಟುಕೊಂಡ ಮಕ್ಕಳು ಬಂದು ಕೂರುತ್ತಾರೆ. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದವರೂ ಇರುತ್ತಾರೆ. ಅವರಿಗೆ ನಿಯಮ ಬಾಯಿಪಾಠ ಆಗಿರುತ್ತದೆ, ಕಾರಣ ಗೊತ್ತಿರುವುದಿಲ್ಲ. ನಿಮ್ಮ ಮಗಳು ಒಂಬತ್ತರಲ್ಲೇ ಕಾರಣ ಕೇಳಿದ್ದಾಳೆ.

ಯಾರ ಮಾತು ಸರಿ ಎಂದರೆ, ಟೀಚರದ್ದೂ ಸರಿ, ನಿಮ್ಮ ಭಾವನ ಮಗನದ್ದೂ ಸರಿ, ಕಂಪ್ಯೂಟರೂ ಸುಳ್ಳು ಹೇಳಿಲ್ಲ. ಮೂವರೂ ಒಂದು ಪದ ಬಿಟ್ಟು ಮಾತಾಡಿದ್ದಾರೆ. ಆ ಪದ "ವಾಸ್ತವ". ಪಠ್ಯಪುಸ್ತಕದಲ್ಲಿ "ವಾಸ್ತವ ಸಂಖ್ಯೆಗಳು" ಎಂದು ಓದುವಾಗ ಮಕ್ಕಳು ಆ ವಿಶೇಷಣವನ್ನು ದಾಟಿಕೊಂಡು ಹೋಗುತ್ತಾರೆ. ವಾಸ್ತವ ಸಂಖ್ಯೆ ಎಂದರೆ ಸಂಖ್ಯಾರೇಖೆಯ ಮೇಲೆ ಇರುವ ಸಂಖ್ಯೆ. ಇಡೀ ಜಗಳ ಇರುವುದು ಅಲ್ಲೇ.

ಮೂಲ ಅನ್ನುವುದು ಹಿಂದಕ್ಕೆ ಕೇಳುವ ಪ್ರಶ್ನೆ. √16 ಎಂದರೆ "ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ 16 ಬರುತ್ತದೆ?" ∛(−27) ಎಂದರೆ "ಯಾವ ಸಂಖ್ಯೆಯನ್ನು ಮೂರು ಸಲ ಇಟ್ಟು ಗುಣಿಸಿದರೆ −27 ಬರುತ್ತದೆ?" ಇದು ಪ್ರಶ್ನೆ ಎಂದು ಗೊತ್ತಾದ ಮೇಲೆ ಉತ್ತರವನ್ನು ತಾಳೆ ನೋಡುವುದು ಸುಲಭ: ಗುಣಿಸಿದರೆ ಆಯಿತು. (−3) × (−3) = 9, ಅದಕ್ಕೆ ಇನ್ನೊಂದು (−3) ಸೇರಿದರೆ −27. ತಾಳೆಯಾಯಿತು. ಈಗ ಅವಳ ಇನ್ನೊಂದು ಉತ್ತರ: (−4) × (−4) = 16. ನಮಗೆ ಬೇಕಾದದ್ದು −16. ತಾಳೆಯಾಗಲಿಲ್ಲ. ಹಾಗಾದರೆ +4? ಅದೂ 16ಕ್ಕೇ ಹೋಗುತ್ತದೆ. ಸೊನ್ನೆಯನ್ನು ಗುಣಿಸಿದರೆ ಸೊನ್ನೆ. ಸಂಖ್ಯಾರೇಖೆಯ ಮೇಲೆ ಇರುವುದು ಬಲಗಡೆಯ ಧನ, ಎಡಗಡೆಯ ಋಣ, ನಡುವಿನ ಸೊನ್ನೆ, ಇಷ್ಟೇ. ಮೂರೂ ಕಡೆ ಹುಡುಕಿ ಆಯಿತು, −16 ಕೊಡುವ ಸಂಖ್ಯೆ ಅಲ್ಲಿಲ್ಲ.

ಮೈನಸ್‌ಗಳು ಜೋಡಿ ಜೋಡಿಯಾಗಿ ಅಳಿಯುತ್ತವೆ. ಎರಡು, ನಾಲ್ಕು, ಆರು ಸಲ ಗುಣಿಸಿದರೆ ಎಲ್ಲಕ್ಕೂ ಜೋಡಿ ಸಿಗುತ್ತದೆ, ಮೈನಸ್ ಉಳಿಯುವುದಿಲ್ಲ. ಮೂರು, ಐದು, ಏಳು ಸಲ ಗುಣಿಸಿದರೆ ಒಂದು ಮೈನಸ್ ಜೋಡಿಯಿಲ್ಲದೆ ಉಳಿದುಬಿಡುತ್ತದೆ. ಬೆಸ ಮೂಲಕ್ಕೆ ಋಣ ಸಂಖ್ಯೆ ಒಳಗಿದ್ದರೂ ಉತ್ತರ ಸಿಗುವುದು, ಸಮ ಮೂಲಕ್ಕೆ ಸಿಗದಿರುವುದು ಇದಕ್ಕೇ. "ಮೈನಸ್ ಹೊರಗೆ ಬರುತ್ತದೆ" ಅನ್ನುವ ಮಾತನ್ನೇ ಅವಳು ಮರೆತುಬಿಡಲಿ. ಮೈನಸ್ ಹೊರಗೆ ಬರುವುದೂ ಇಲ್ಲ, ಒಳಗೆ ಹೋಗುವುದೂ ಇಲ್ಲ. ಉತ್ತರವನ್ನು ಗುಣಿಸಿದಾಗ ಅದು ಉಳಿಯುತ್ತದೋ ಇಲ್ಲವೋ ಅಷ್ಟೇ ಪ್ರಶ್ನೆ.

ಮೈನಸ್ ಮೈನಸ್ ಸೇರಿ ಪ್ಲಸ್ ಆಗುವುದೇ ಯಾಕೆ ಎಂದು ಅವಳು ಮುಂದೆ ಕೇಳಿದರೆ ಹೀಗೆ ತೋರಿಸಿ. 3 ಮತ್ತು −3 ಕೂಡಿದರೆ ಸೊನ್ನೆ. ಸೊನ್ನೆಯನ್ನು −2ರಿಂದ ಗುಣಿಸಿದರೂ ಸೊನ್ನೆಯೇ. ಬಿಡಿಸಿ ಗುಣಿಸಿದರೆ (−2) × 3 = −6, ಅದರ ಜೊತೆಗೆ (−2) × (−3). ಎರಡೂ ಸೇರಿ ಸೊನ್ನೆ ಆಗಬೇಕು, ಹಾಗಾಗಿ ಎರಡನೆಯದು +6 ಆಗದೆ ದಾರಿಯಿಲ್ಲ. ಯಾರೋ ಕೂತು ಮಾಡಿದ ಕಟ್ಟಳೆ ಅಲ್ಲ ಅದು.

ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂಬ ಮಾತನ್ನು ಮೊದಲು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಒಬ್ಬರು ನಮ್ಮ ನಾಡಿನ ಅರಸರ ಆಶ್ರಯದ ಕಾಲದವರು ಎಂದು ಅವಳಿಗೆ ಹೇಳಿ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಧನದ ವರ್ಗವೂ ಋಣದ ವರ್ಗವೂ ಧನವೇ, ಋಣ ಸಂಖ್ಯೆ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬುದು ಅವರ ವಾದ. "ಇಲ್ಲ" ಎಂದು ಹೇಳಿ ಸುಮ್ಮನಾಗಲಿಲ್ಲ, "ವರ್ಗವಲ್ಲ, ಆದ್ದರಿಂದ ಇಲ್ಲ" ಎಂದು ಕಾರಣ ಕೊಟ್ಟರು. ಸುಮಾರು ಮುನ್ನೂರು ವರ್ಷದ ಮೇಲೆ ಭಾಸ್ಕರಾಚಾರ್ಯರೂ ಇದನ್ನೇ ಹೇಳಿದರು. ನಿಮ್ಮ ಮಗಳಿಗೆ ಶಾಲೆಯಲ್ಲಿ ಸಿಗದೆ ಹೋದದ್ದು ಆ "ಆದ್ದರಿಂದ" ಮಾತ್ರ.

ಈಗ ಅವಳು ಎಲ್ಲಿ ಜಾರಿದಳು ಎಂದು ನೋಡೋಣ. ಪೇಪರ್ ನೋಡದೆಯೇ ಊಹಿಸುತ್ತೇನೆ, ಯಾಕೆಂದರೆ ನೂರಾರು ಪೇಪರ್‌ಗಳಲ್ಲಿ ಇದನ್ನೇ ಕಂಡಿದ್ದೇನೆ. ಕರಣಿ ಚಿಹ್ನೆಯ (√) ಹೊರಗಿನ ಮೈನಸ್ ಮತ್ತು ಒಳಗಿನ ಮೈನಸ್ ಅವಳಿಗೆ ಒಂದೇ ಎಂದು ಕಂಡಿವೆ. −√16 ಎಂದರೆ ಮೊದಲು 16ರ ಮೂಲ ತೆಗೆದು ಆಮೇಲೆ ಮೈನಸ್ ಹಾಕುವುದು; ಉತ್ತರ −4, ಏನೂ ತೊಂದರೆಯಿಲ್ಲ. √(−16) ಎಂದರೆ −16ರ ಮೂಲವನ್ನೇ ಕೇಳಿದ್ದು. ಘನಮೂಲದಲ್ಲಿ ಒಳಗಿದ್ದರೂ ಹೊರಗಿದ್ದರೂ ಉತ್ತರ ಒಂದೇ ಬರುವುದರಿಂದ ಮಕ್ಕಳ ಕಣ್ಣಿಗೆ ಈ ವ್ಯತ್ಯಾಸ ಬೀಳುವುದೇ ಇಲ್ಲ. ಘನಮೂಲದ ಲೆಕ್ಕ ಹತ್ತಾರು ಮಾಡಿ ಕೈ ರೂಢಿಯಾದ ಮೇಲೆ ವರ್ಗಮೂಲ ಬಂದರೆ ಅದೇ ರೂಢಿ ಇಲ್ಲಿಗೂ ಬರುತ್ತದೆ. ಇದನ್ನು ಅಜಾಗರೂಕತೆ ಎಂದು ಬೈಯಬೇಡಿ.

ಇದರ ಪಕ್ಕದಲ್ಲೇ ಇರುವ ಇನ್ನೊಂದು ತಪ್ಪು ತಿಳಿವಳಿಕೆ, √16 = ±4 ಅನ್ನುವುದು. ಹಾಗಲ್ಲ. ವರ್ಗ ಮಾಡಿದರೆ 16 ಬರುವ ಸಂಖ್ಯೆಗಳು ಎರಡಿವೆ, ನಿಜ. ಆದರೆ √ ಚಿಹ್ನೆ ಆ ಎರಡರಲ್ಲಿ ಧನ ಸಂಖ್ಯೆಯನ್ನು ಮಾತ್ರ ಹೆಸರಿಸುತ್ತದೆ ಎಂದು ಒಪ್ಪಿಕೊಂಡಿದ್ದೇವೆ. ಮುಂದಿನ ವರ್ಷ ವರ್ಗ ಸಮೀಕರಣ ಬಂದಾಗ ಸೂತ್ರದಲ್ಲಿ ಕರಣಿಯ ಹಿಂದೆ ± ಅನ್ನು ಬೇರೆಯಾಗಿ ಬರೆದಿರುವುದನ್ನು ಅವಳೇ ನೋಡುತ್ತಾಳೆ. ಚಿಹ್ನೆಯೊಳಗೇ ಎರಡೂ ಇದ್ದಿದ್ದರೆ ಅದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಇನ್ನು ಭಾವನ ಮಗನ 4ಐ. ಐ ಎಂದರೆ ವರ್ಗ ಮಾಡಿದರೆ −1 ಬರುವ ಸಂಖ್ಯೆ. ಸಂಖ್ಯಾರೇಖೆಯ ಮೇಲೆ ಸಿಗಲಿಲ್ಲ ಎಂದ ಮಾತ್ರಕ್ಕೆ ಎಲ್ಲೂ ಸಿಗುವುದಿಲ್ಲ ಎಂದಲ್ಲ, ರೇಖೆ ಬಿಟ್ಟು ಆಚೆ ಹುಡುಕಬೇಕು. ಇದನ್ನು ನಾನು ತರಗತಿಯಲ್ಲಿ ಗೋಡೆ ಗಡಿಯಾರದಿಂದ ಹೇಳಿಕೊಡುತ್ತೇನೆ. ನಿಮ್ಮ ಮನೆಯಲ್ಲೂ ಮಾಡಬಹುದು. ಕಾಗದದ ಮೇಲೆ ಒಂದು ಗಡಿಯಾರ ಬರೆಯಿರಿ. ಒಂದು ಬೆಂಕಿಕಡ್ಡಿ ತಗೊಂಡು ಅದನ್ನು ಗಂಟೆ ಮುಳ್ಳು ಎಂದುಕೊಳ್ಳಿ. ನಡುವೆ ಸೊನ್ನೆ. ಮುಳ್ಳು 3ರ ಕಡೆ ಮುಖ ಮಾಡಿದ್ದರೆ ಧನ ಸಂಖ್ಯೆ, 9ರ ಕಡೆ ಇದ್ದರೆ ಋಣ ಸಂಖ್ಯೆ. ಅಡ್ಡಲಾಗಿ 9ರಿಂದ 3ರವರೆಗೆ ಗೆರೆ ಎಳೆದರೆ ಅದೇ ನಮ್ಮ ಸಂಖ್ಯಾರೇಖೆ. ಗುಣಾಕಾರಕ್ಕೆ ಎರಡೇ ನಿಯಮ: ಉದ್ದಗಳನ್ನು ಗುಣಿಸಬೇಕು, 3ರಿಂದ ತಿರುಗಿದ ತಿರುಗುಗಳನ್ನು ಕೂಡಬೇಕು. ಋಣ ಸಂಖ್ಯೆ ಎಂದರೆ 3ರಿಂದ ಆರು ಗಂಟೆಯಷ್ಟು ತಿರುಗಿ 9ಕ್ಕೆ ಬಂದದ್ದು. ಎರಡು ಋಣ ಸಂಖ್ಯೆ ಗುಣಿಸಿದರೆ ಆರು ಮತ್ತು ಆರು, ಹನ್ನೆರಡು ಗಂಟೆಯ ತಿರುಗು, ಒಂದು ಪೂರ್ತಿ ಸುತ್ತು, ಮತ್ತೆ 3ಕ್ಕೇ ಬಂದೆವು. ಮೈನಸ್ ಮೈನಸ್ ಪ್ಲಸ್ ಆದದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಈಗ −16ರ ವರ್ಗಮೂಲ. ಮುಳ್ಳಿನ ಉದ್ದ 4, ಯಾಕೆಂದರೆ 4 × 4 = 16. ತಿರುಗು ಎಷ್ಟು? ಎರಡು ಸಲ ತಿರುಗಿದಾಗ 9ಕ್ಕೆ, ಅಂದರೆ ಆರು ಗಂಟೆ ಆಗಬೇಕು. ಹಾಗಾದರೆ ಒಂದು ಸಲಕ್ಕೆ ಮೂರು ಗಂಟೆ. 3ರಿಂದ ಹಿಮ್ಮುಖವಾಗಿ ಮೂರು ಗಂಟೆ ಹೋದರೆ 12. ಅಲ್ಲಿ, ರೇಖೆಯ ನೆತ್ತಿಯ ಮೇಲೆ, ನಡುವಿನಿಂದ ನಾಲ್ಕು ಅಳತೆ ದೂರದಲ್ಲಿ ಇರುವ ಸಂಖ್ಯೆಗೇ 4ಐ ಎಂದು ಹೆಸರು. ಮುಮ್ಮುಖವಾಗಿ ಮೂರು ಗಂಟೆ ಹೋದರೆ 6, ಅದು −4ಐ. ಎರಡೂ ಮೂಲಗಳೇ. ಎರಡೂ 9–3ರ ರೇಖೆಯ ಮೇಲಿಲ್ಲ. ಟೀಚರು "ಇಲ್ಲ" ಅಂದದ್ದು ರೇಖೆಯ ಮೇಲಿಲ್ಲ ಎಂಬ ಅರ್ಥದಲ್ಲಿ, ಹುಡುಗ "ಇದೆ" ಅಂದದ್ದು ಗಡಿಯಾರದ ಮೇಲಿದೆ ಎಂಬ ಅರ್ಥದಲ್ಲಿ. ಇಬ್ಬರ ಮಾತೂ ನಿಲ್ಲುತ್ತದೆ.

ಘನಮೂಲಕ್ಕೆ ಬನ್ನಿ. −8ಕ್ಕೆ ಮುಳ್ಳಿನ ಉದ್ದ 2. ಮೂರು ಸಲ ತಿರುಗಿ 9ಕ್ಕೆ ಬರಬೇಕು. ಮುಳ್ಳು 9ರಲ್ಲಿ ಇದ್ದರೆ ಒಂದು ಸಲಕ್ಕೆ ಆರು ಗಂಟೆ, ಮೂರು ಸಲಕ್ಕೆ ಹದಿನೆಂಟು: ಒಂದು ಪೂರ್ತಿ ಸುತ್ತು ಹೋಗಿ ಆರು ಗಂಟೆ ಉಳಿಯಿತು, 9ಕ್ಕೆ ಬಂದೆವು. ಇದೇ −2, ನಿಮ್ಮ ಮಗಳ ರೀತಿಯ ಉತ್ತರ. ಆದರೆ ಇನ್ನೂ ಎರಡು ದಾರಿ ಇವೆ. ಒಂದು ಸಲಕ್ಕೆ ಹಿಮ್ಮುಖವಾಗಿ ಎರಡೇ ಗಂಟೆ ತಿರುಗಿದರೂ ಮೂರು ಸಲಕ್ಕೆ ಆರು ಗಂಟೆ ಆಗುತ್ತದೆ. ಆ ಮುಳ್ಳು ಇರುವುದು 1ರಲ್ಲಿ. ಮುಮ್ಮುಖವಾಗಿ ಎರಡು ಗಂಟೆ ತಿರುಗಿದರೆ 5ರಲ್ಲಿ. ಒಟ್ಟು ಮೂರು ಘನಮೂಲ, ಗಡಿಯಾರದ 1, 5, 9ರ ಕಡೆಗೆ ಒಂದೊಂದು. ಪೈಥಾನ್ ಕೊಟ್ಟದ್ದು 1ರಲ್ಲಿ ಇರುವುದನ್ನು, ಹಿಮ್ಮುಖವಾಗಿ ಅತಿ ಕಡಿಮೆ ತಿರುಗಿನದು. ಅಡ್ಡಲಾಗಿ 1, ಮೇಲಕ್ಕೆ √3, ಅಂದರೆ 1.732. ನಿಮ್ಮ ಪರದೆಯ ಮೇಲೆ ಕಂಡ 1.73 ಅದೇ. ಅದರ ಪಕ್ಕದಲ್ಲಿ ಐ ಬದಲು ಜೆ ಇದ್ದಿರಬೇಕು. ವಿದ್ಯುತ್ ಎಂಜಿನಿಯರುಗಳು ಐ ಅಕ್ಷರವನ್ನು ಕರೆಂಟಿಗೆ ಬಳಸುವುದರಿಂದ ಜೆ ಬರೆಯುವುದು ರೂಢಿ, ಪೈಥಾನ್ ಆ ರೂಢಿಯನ್ನೇ ಹಿಡಿದಿದೆ. ಭಾವನ ಮಗನಿಗೆ 1 + √3ಐ ಅನ್ನು ಮೂರು ಸಲ ಗುಣಿಸಲು ಹೇಳಿ. ಎರಡು ಸಲಕ್ಕೆ −2 + 2√3ಐ, ಮೂರನೆಯ ಸಲಕ್ಕೆ ಸರಿಯಾಗಿ −8 ಬರುತ್ತದೆ. ಯಂತ್ರದ ಉತ್ತರವನ್ನೂ ತಾಳೆ ನೋಡುವುದನ್ನು ನಿಮ್ಮ ಮಗಳು ಪಕ್ಕದಲ್ಲಿ ಕೂತು ನೋಡಲಿ.

ಬೆಸ ಮೂಲಕ್ಕೆ ಒಂದು ಮುಳ್ಳು ಯಾವಾಗಲೂ 9ರಲ್ಲಿ ಇದ್ದೇ ಇರುತ್ತದೆ, ಸಮ ಮೂಲಕ್ಕೆ ಒಂದೂ ಇರುವುದಿಲ್ಲ. −16ರ ನಾಲ್ಕನೇ ಮೂಲಕ್ಕೆ ಒಂದು ಸಲಕ್ಕೆ ಒಂದೂವರೆ ಗಂಟೆ. ಮುಳ್ಳುಗಳು ಒಂದೂವರೆ, ನಾಲ್ಕೂವರೆ, ಏಳೂವರೆ, ಹತ್ತೂವರೆಯಲ್ಲಿ ನಿಲ್ಲುತ್ತವೆ. ಪರೀಕ್ಷೆಯ ⁴√(−81)ದ್ದೂ ಇದೇ ಕಥೆ, ಉದ್ದ ಮಾತ್ರ 3.

ಈ ಆಚೆಯ ಸಂಖ್ಯೆಗಳು ಆಟಕ್ಕೆ ಹುಟ್ಟಿದವಲ್ಲ. 1572ರಲ್ಲಿ ಇಟಲಿಯ ಬೊಂಬೆಲ್ಲಿ ಒಂದು ಘನ ಸಮೀಕರಣ ಬಿಡಿಸಿದ: ಒಂದು ಸಂಖ್ಯೆಯ ಘನ, ಆ ಸಂಖ್ಯೆಯ ಹದಿನೈದರಷ್ಟಕ್ಕೆ 4 ಕೂಡಿದ್ದಕ್ಕೆ ಸಮ. ಉತ್ತರ 4, ಬೇಕಾದರೆ ನೋಡಿ: 64 = 60 + 4. ಆದರೆ ಸೂತ್ರದ ಪ್ರಕಾರ ಹೋದರೆ ನಡುವೆ √(−121) ಎದುರಾಗುತ್ತದೆ. ಅವನು ಅಲ್ಲಿ ನಿಲ್ಲದೆ, ಅದನ್ನೂ ಸಂಖ್ಯೆಯಂತೆ ಕೂಡಿ ಗುಣಿಸಿ ಮುಂದೆ ಹೋದಾಗ ಆ ಭಾಗಗಳು ತಾವೇ ಅಳಿದು 4 ಸಿಕ್ಕಿತು. ವಾಸ್ತವ ಉತ್ತರಕ್ಕೆ ಹೋಗುವ ದಾರಿಯೇ ಆಚೆಯಿಂದ ಹಾದುಹೋಗಿತ್ತು. ನನಗೆ ಗಣಿತದಲ್ಲಿ ಇವತ್ತಿಗೂ ಮೈ ಜುಮ್ಮೆನ್ನಿಸುವ ಜಾಗಗಳಲ್ಲಿ ಇದೂ ಒಂದು.

ಪರೀಕ್ಷೆಯ ವಿಷಯ. ಒಂಬತ್ತು, ಹತ್ತನೇ ತರಗತಿಯಲ್ಲಿ "√(−16)ಕ್ಕೆ ವಾಸ್ತವ ಸಂಖ್ಯೆಗಳಲ್ಲಿ ಬೆಲೆ ಇಲ್ಲ" ಎಂದು ಬರೆಯುವುದು ಎಲ್ಲಕ್ಕಿಂತ ಒಳ್ಳೆಯದು. ಬರೀ "ಇಲ್ಲ" ಎಂದರೂ ಅಂಕ ಸಿಗಬಹುದು, ಆದರೆ ಮೊದಲ ಪಿಯುಸಿಯಲ್ಲಿ ಸಂಕೀರ್ಣ ಸಂಖ್ಯೆಯ ಪಾಠ ಬಂದಾಗ ಕಲಿತದ್ದನ್ನು ಅಳಿಸಿ ಬರೆಯಬೇಕಾಗುತ್ತದೆ, ಹಳೆಯ ಟೀಚರ್ ತಪ್ಪು ಹೇಳಿಕೊಟ್ಟರು ಎಂಬ ಭಾವನೆಯೂ ಬರುತ್ತದೆ. ಒಂದು ಪದ ಸೇರಿಸಿ ಬರೆದರೆ ಆ ತೊಂದರೆಯಿಲ್ಲ. ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣದ ಶೋಧಕ (ಸೂತ್ರದಲ್ಲಿ ಕರಣಿಯ ಒಳಗೆ ಬರುವ ಸಂಖ್ಯೆ) ಸೊನ್ನೆಗಿಂತ ಕಡಿಮೆ ಬಂದರೆ "ವಾಸ್ತವ ಮೂಲಗಳಿಲ್ಲ" ಎಂದೇ ಬರೆಯಬೇಕು, ಅದಕ್ಕೂ ಈಗಲೇ ಕೈ ಪಳಗುತ್ತದೆ.

4ಐ ಎಂದು ಈಗಲೇ ಬರೆಯುವುದನ್ನು ನಾನು ಬೇಡ ಅನ್ನುತ್ತೇನೆ. ಪ್ರಶ್ನೆ ವಾಸ್ತವ ಸಂಖ್ಯೆಗಳ ಪಾಠದ್ದು, ಮೌಲ್ಯಮಾಪಕರು ಅದನ್ನು ಪಾಠದ ಆಚೆಯ ಉತ್ತರ ಎಂದು ತಪ್ಪು ಹಾಕಬಹುದು. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಐ ಸಿಕ್ಕ ಖುಷಿಯಲ್ಲಿ ಮಕ್ಕಳು ಮೈನಸ್ ಕಂಡಲ್ಲೆಲ್ಲ ಅದನ್ನು ಅಂಟಿಸುತ್ತಾರೆ. ∛(−27) = 3ಐ ಎಂದು ಬರೆದ ಪಿಯುಸಿ ಮಕ್ಕಳು ನನ್ನಲ್ಲಿದ್ದಾರೆ. ಗುಣಿಸಿ ನೋಡಿದ್ದರೆ −27ಐ ಬಂದು ತಪ್ಪು ಗೊತ್ತಾಗುತ್ತಿತ್ತು. ಇನ್ನೊಂದು, √(−4) × √(−9) ಅನ್ನು √36 ಮಾಡಿ 6 ಎಂದು ಬರೆಯುವುದು. 2ಐ × 3ಐ = −6. ಎರಡೂ ಕರಣಿಗಳ ಒಳಗೆ ಋಣ ಇದ್ದಾಗ ಒಟ್ಟುಗೂಡಿಸುವ ನಿಯಮ ನಡೆಯುವುದಿಲ್ಲ. ಮನೆಯಲ್ಲಿ ಕುತೂಹಲಕ್ಕೆ ಗಡಿಯಾರ ಆಡಿ, ಪೇಪರಿನಲ್ಲಿ ಬೇಡ.

ಘನಮೂಲವನ್ನು ಭಿನ್ನ ಘಾತಾಂಕವಾಗಿ ಬರೆಯುವಾಗಲೂ ಎಚ್ಚರ ಬೇಕು. (−8)ರ ಘಾತ 1/3 ಎಂದರೆ −2 ಅಂದುಕೊಳ್ಳೋಣ. 1/3 ಮತ್ತು 2/6 ಒಂದೇ ತಾನೇ? 2/6 ಎಂದು ಹೋದರೆ ಮೊದಲು ವರ್ಗ 64, ಅದರ ಆರನೇ ಮೂಲ 2. ಒಂದೇ ಲೆಕ್ಕಕ್ಕೆ −2 ಮತ್ತು 2! ಅವಳ ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಭಿನ್ನ ಘಾತಾಂಕದ ವ್ಯಾಖ್ಯೆ ಕೊಡುವಾಗ ಆಧಾರ ಸಂಖ್ಯೆ ಸೊನ್ನೆಗಿಂತ ಹೆಚ್ಚಿರಬೇಕು ಎಂದು ಹೇಳಿರುವುದು ಈ ಗುಂಡಿಗೆ ಬೀಳಬಾರದು ಎಂದೇ. ಋಣ ಸಂಖ್ಯೆ ಇದ್ದಾಗ ∛ ಚಿಹ್ನೆಯನ್ನೇ ಬಳಸಲಿ.

ಯಂತ್ರಗಳ ವಿಷಯದಲ್ಲಿ ಒಂದೇ ಮಾತು: ಆವರಣ ಹಾಕಿ ಕೇಳಿ, ಬಂದ ಉತ್ತರವನ್ನು ಗುಣಿಸಿ ನೋಡಿ. ಪೈಥಾನಿನಲ್ಲಿ −8ಕ್ಕೆ ಆವರಣವಿಲ್ಲದೆ -8**(1/3) ಎಂದು ಕೊಟ್ಟರೆ (** ಎಂದರೆ ಘಾತ) −2 ಬರುತ್ತದೆ, ಆದರೆ ಅದು 8ರ ಮೂಲ ತೆಗೆದು ಆಮೇಲೆ ಮೈನಸ್ ಹಾಕಿದ್ದು. ಸರಿ ಉತ್ತರ, ಬೇರೆ ಪ್ರಶ್ನೆಗೆ. ಎಕ್ಸೆಲ್‌ನಲ್ಲಿ =-2^2 ಕೊಟ್ಟರೆ 4, ಪೈಥಾನಿನಲ್ಲಿ -2**2 ಕೊಟ್ಟರೆ −4. ಮೈನಸ್ ಯಾರದ್ದು ಎಂದು ಒಂದೊಂದು ಯಂತ್ರ ಒಂದೊಂದು ರೀತಿ ಓದುತ್ತದೆ. ವಾಸ್ತವ ಘನಮೂಲವೇ ಬೇಕಿದ್ದರೆ ಪೈಥಾನ್ 3.11ರಿಂದ ಅದಕ್ಕೆಂದೇ ಒಂದು ಫಂಕ್ಷನ್ ಇದೆ, ಅದು −8ಕ್ಕೆ −2 ಕೊಡುತ್ತದೆ. ಭಾವನ ಮಗನಿಗೆ ಹೇಳಿ.

ಇವತ್ತು ಸಂಜೆ ಮಗಳನ್ನು ಕೂರಿಸಿಕೊಂಡು −64 ಒಂದೇ ಸಂಖ್ಯೆ ಕೊಡಿ. ವರ್ಗಮೂಲ, ಘನಮೂಲ, ಆರನೇ ಮೂಲ ಮೂರನ್ನೂ ಕೇಳಿ. ಘನಮೂಲ −4 ಎಂದು ಅವಳು ತಕ್ಷಣ ಹೇಳುತ್ತಾಳೆ, ಉಳಿದೆರಡಕ್ಕೆ "ವಾಸ್ತವ ಸಂಖ್ಯೆಗಳಲ್ಲಿ ಇಲ್ಲ" ಅನ್ನಬೇಕು, ಯಾಕೆ ಎಂದೂ ಹೇಳಬೇಕು. ಆಮೇಲೆ ಆರನೇ ಮೂಲಗಳನ್ನು ಗಡಿಯಾರದಲ್ಲಿ ಹುಡುಕಲಿ. ಉದ್ದ 2, ಒಂದು ಸಲಕ್ಕೆ ಒಂದು ಗಂಟೆ. ಕಡ್ಡಿಗಳು 2, 4, 6, 8, 10, 12ರಲ್ಲಿ ನಿಲ್ಲುತ್ತವೆ, 3 ಮತ್ತು 9 ಖಾಲಿ ಇರುತ್ತವೆ.